ತಲೆಯೊಳಗೆ ನೀರಿನ ಚೀಲ: ಕತ್ತರಿ ಎಲ್ಲರಿಗೂ ಬೇಡ, ಎಚ್ಚರ ಎಲ್ಲರಿಗೂ ಬೇಕು

ಬಸ್ ಸ್ಟ್ಯಾಂಡ್ ಎದುರಿನ ಕಿರಾಣಿ ಅಂಗಡಿ ಯಜಮಾನರು ಮೊನ್ನೆ ಸ್ಕ್ಯಾನಿಂಗ್ ಕವರು ಹಿಡಿದು ಕೂತಿದ್ದರು. ಗಿರಾಕಿಗೆ ಚಿಲ್ಲರೆ ಕೊಡೋದೂ ಮರೆತಿದ್ದರು. ಸೈಕಲ್ಲಿನಿಂದ ಬಿದ್ದ ಮಗನಿಗೆ ತಲೆ ಸ್ಕ್ಯಾನ್ ಮಾಡಿಸಿದ್ದಾರೆ. ಪೆಟ್ಟೇನೂ ಇಲ್ಲ. ಆದರೆ ರಿಪೋರ್ಟಿನಲ್ಲಿ ‘ಅರಾಕ್ನಾಯ್ಡ್ ಸಿಸ್ಟ್’ ಅಂತ ಬರೆದಿದೆ.

"ತಲೇಲಿ ಗಡ್ಡೆಯಂತೆ ಸಾರ್. ಸೈಟು ಮಾರಿ ಆಪರೇಷನ್ ಮಾಡಿಸ್ಲಾ?"

ಮಾರಬೇಡಿ ಯಜಮಾನ್ರೇ, ಮೊದಲು ಇದನ್ನು ಓದಿ.

ಇದು ಕ್ಯಾನ್ಸರ್ ಅಲ್ಲ. ಮಿದುಳಿಗೆ ಹೊದಿಸಿದ ತೆಳು ಪೊರೆ ಸಾಮಾನ್ಯವಾಗಿ ಹುಟ್ಟುವ ಮೊದಲೇ ಸೀಳಿ, ನಡುವೆ ತಿಳಿನೀರು ನಿಂತು ಆದ ಚೀಲ. ಸ್ಕ್ಯಾನ್ ಮಾಡಿಸಿದ ನೂರು ಜನರಲ್ಲಿ ಒಬ್ಬಿಬ್ಬರಿಗೆ ಇರುತ್ತದೆ. ಲಂಡನ್ನಿನಲ್ಲಿ 1971ರಲ್ಲಿ ಮೊದಲ ರೋಗಿಗೆ ಸಿ.ಟಿ. ಸ್ಕ್ಯಾನ್ ಆಯಿತು. ಅದಕ್ಕೂ ಮೊದಲು ಎಷ್ಟೋ ಜನ ಇಂಥ ಚೀಲ ಹೊತ್ತೇ ಬಾಳಿ ಹೋದರು, ಗೊತ್ತೇ ಆಗಲಿಲ್ಲ!

ಕತ್ತರಿ ಯಾವಾಗ?

ತೊಂದರೆ ಕೊಡದ ಚೀಲವನ್ನು ಮುಟ್ಟದೆ ಕಾದು ನೋಡುವುದೇ ವೈದ್ಯರ ರೂಢಿ. ಬಹುಪಾಲು ಚೀಲಗಳು ಬೆಳೆಯುವುದೂ ಇಲ್ಲ. ತೀರಾ ಎಳೆಯ ಮಕ್ಕಳಲ್ಲಿ ಬೆಳೆಯುವ ಸಂಭವ ಜಾಸ್ತಿ, ಅವರ ಮೇಲೆ ಕಣ್ಣಿಡಬೇಕು. ಕೂಸಿನ ತಲೆ ಅತಿಯಾಗಿ ದೊಡ್ಡದಾಗುತ್ತಿದ್ದರೆ, ತಲೆನೋವಿನ ಜೊತೆ ವಾಂತಿ, ಕಣ್ಣು ಮಂಜು ಶುರುವಾದರೆ ತಡ ಮಾಡಬಾರದು. ಒಳಗೆ ಒತ್ತಡ ಏರಿರಬಹುದು.

ಆಪರೇಷನ್ನಿಗೆ ಮೂರು ದಾರಿ. ತಲೆಬುರುಡೆ ತೆರೆದು ಚೀಲದ ಗೋಡೆ ಕತ್ತರಿಸಿ, ನೀರು ತನ್ನ ಹಾದಿ ಹಿಡಿಯುವಂತೆ ಮಾಡುವುದು ಒಂದು. ಸಣ್ಣ ತೂತಿನಿಂದ ದುರ್ಬೀನು ಇಳಿಸಿ ಅದೇ ಕೆಲಸ ಮಾಡುವುದು ಎರಡು. ಚರ್ಮದಡಿ ನಳಿಗೆ ಹಾಕಿ ನೀರನ್ನು ಹೊಟ್ಟೆಗೆ ಬಿಡುವುದು ಮೂರನೆಯದು, ಇದೇ ‘ಷಂಟ್’.

ಆಮೇಲಿನ ಬಾಳು

ಒತ್ತಡದಿಂದ ಬಂದ ತೊಂದರೆ ಹೆಚ್ಚಿನವರಿಗೆ ಇಳಿಯುತ್ತದೆ. ಆದರೆ ಸ್ಕ್ಯಾನಿನಲ್ಲಿ ಚೀಲ ಪೂರ್ತಿ ಮಾಯವಾಗದೆ ಇರಬಹುದು. ಅದಕ್ಕೆ ಕಂಗಾಲಾಗಬೇಡಿ, ಫಿಲಮ್ಮಿಗಿಂತ ಮನುಷ್ಯ ಹೇಗಿದ್ದಾನೆ ಅನ್ನೋದು ಮುಖ್ಯ. ಷಂಟ್ ಹಾಕಿಸಿಕೊಂಡವರು ಮಾತ್ರ ಮೈಮರೆಯುವಂತಿಲ್ಲ. ನಳಿಗೆ ವರ್ಷಗಳ ಮೇಲೂ ಕಟ್ಟಿಕೊಳ್ಳಬಹುದು, ಸೋಂಕು ತಗಲಬಹುದು. ಹಳೇ ತಲೆನೋವು, ವಾಂತಿ ಮರಳಿದರೆ ಮಾತ್ರೆ ಅಂಗಡಿಗಲ್ಲ, ಆಸ್ಪತ್ರೆಗೆ ಓಡಬೇಕು.

ಇದರ ದಾಯಾದಿ ‘ಕೊಲಾಯ್ಡ್ ಸಿಸ್ಟ್’ ಬೇರೆಯೇ ಜಾತಿ. ಇದೂ ಕ್ಯಾನ್ಸರ್ ಅಲ್ಲ, ಆದರೆ ಕೂತಿರುವ ಜಾಗ ಕೆಟ್ಟದ್ದು. ಮಿದುಳಿನ ನಟ್ಟನಡುವೆ, ನೀರು ಹರಿಯುವ ಬಾಯಲ್ಲೇ ಇರುತ್ತದೆ. ಒಮ್ಮೆಲೇ ಅಡ್ಡಗಟ್ಟಿದರೆ ಜೀವಕ್ಕೇ ಸಂಚಕಾರ! ಅಮೆರಿಕದ ಸರ್ಜನ್ ವಾಲ್ಟರ್ ಡ್ಯಾಂಡಿ 1921ರಲ್ಲಿ ಇದನ್ನು ಮೊದಲು ಯಶಸ್ವಿಯಾಗಿ ತೆಗೆದವರು. ಗೋಡೆ ಸಮೇತ ಪೂರ್ತಿ ತೆಗೆದರೆ ಮತ್ತೆ ಬರುವುದು ಅಪರೂಪ. ಚೂರು ಉಳಿದರೆ ವರ್ಷಗಳ ಮೇಲೆ ತಲೆಯೆತ್ತಬಹುದು. ಪಕ್ಕದಲ್ಲೇ ನೆನಪಿನ ನರಗಳು ಹಾದುಹೋಗುವುದರಿಂದ ಕೆಲವರಿಗೆ ಮರೆವು ಕಾಡುವುದುಂಟು.

ಆದ್ದರಿಂದ ಯಾವ ಸಿಸ್ಟ್, ಎಲ್ಲಿದೆ, ಎಷ್ಟಿದೆ ಎಂದು ಕೇಳಿ ತಿಳಿಯಿರಿ. ಅನುಮಾನವಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಇನ್ನೊಂದು ಅಭಿಪ್ರಾಯ ಪಡೆಯಿರಿ. ಹಳೇ ಫಿಲಮ್ಮು ಎಸೆಯಬೇಡಿ. ಚೀಲ ಬೆಳೆದಿದೆಯೋ ಇಲ್ಲವೋ ಹೇಳುವ ಸಾಕ್ಷಿ ಅದೇ.

ಯಜಮಾನರ ಮಗನನ್ನು ನರರೋಗ ಸರ್ಜನ್ ನೋಡಿದರು. "ಆಪರೇಷನ್ ಬೇಡ, ವರ್ಷ ಬಿಟ್ಟು ಬನ್ನಿ. ತಲೆಗೆ ಪೆಟ್ಟು ಬಿದ್ದರೆ ಮಾತ್ರ ತಕ್ಷಣ ಬನ್ನಿ" ಅಂದರಂತೆ. ಅಪರೂಪಕ್ಕೆ ಇಂಥ ಚೀಲದ ಸುತ್ತ ರಕ್ತಸ್ರಾವವಾಗುವುದುಂಟು.

ಸೈಟು ಉಳಿಯಿತು. ಕವರು ಬೀರುವಿನಲ್ಲಿ ಭದ್ರವಾಗಿದೆ. ನಿನ್ನೆ ನನಗೆ ಚಿಲ್ಲರೆಯೂ ಸರಿಯಾಗಿ ಸಿಕ್ಕಿತು.