ಮಾತು ಕತ್ತರಿಸಿದರೆ ಮುಖ ಯಾಕೆ ಜಿಗಿಯುತ್ತದೆ?

ಪ್ರಶ್ನೆ: ಕಾಲೇಜಿನ ಸಾಕ್ಷ್ಯಚಿತ್ರಕ್ಕೆ ಶಿವಯೋಗ ಮಂದಿರದಲ್ಲಿ ಸಂದರ್ಶನ ಚಿತ್ರೀಕರಿಸಿದ್ದೇವೆ. ಮಧ್ಯದ ಮಾತು ತೆಗೆದರೆ ಮುಖ ಜಿಗಿಯುತ್ತದಲ್ಲ, ಯಾಕೆ?

ಉತ್ತರ: ಮಾತು ಕೂಡಿಕೊಂಡರೂ ತಲೆಯ ಭಂಗಿ ಕೂಡುವುದಿಲ್ಲ, ಅದಕ್ಕೆ. ಆ ಜಾಗಕ್ಕೆ ಬೇರೆ ದೃಶ್ಯ ಹೊದಿಸಿ, ಧ್ವನಿ ಮಾತ್ರ ಮುಂದುವರಿಯಲಿ. ಹಾನಗಲ್ ಕುಮಾರ ಶಿವಯೋಗಿಗಳು 1909ರಲ್ಲಿ ಮಲಪ್ರಭೆಯ ದಡದಲ್ಲಿ ಕಟ್ಟಿದ ಸಂಸ್ಥೆ ಅದು, ದೃಶ್ಯಗಳಿಗೇನು ಬರ? ಗೋಶಾಲೆ ಇದೆ, ಪಾಠಕ್ಕೆ ಕೂತ ವಟುಗಳಿದ್ದಾರೆ. ವಿಭೂತಿಯ ಮಾತು ಬಂದಾಗ ಗಟ್ಟಿ ಮಾಡುವ ಕೈಗಳನ್ನೇ ತೋರಿಸಿ, ಹೊಳೆಯನ್ನಲ್ಲ. ಅಂದವಾಗಿದೆ ಎಂದು ಸಂಬಂಧವಿಲ್ಲದ್ದನ್ನು ತುರುಕುವುದು ವಿದ್ಯಾರ್ಥಿ ಚಿತ್ರಗಳ ಹಳೇ ಚಾಳಿ. ಇನ್ನೊಂದು: ಯಾರೂ ಮಾತಾಡದೆ ಅರ್ಧ ನಿಮಿಷ ಅಲ್ಲಿನ ಗಾಳಿ, ಹಕ್ಕಿಗಳ ಸದ್ದನ್ನಷ್ಟೇ ರೆಕಾರ್ಡ್ ಮಾಡಿಕೊಂಡು, ಕತ್ತರಿಸಿದ ಕಡೆಯೆಲ್ಲ ಮಾತಿನಡಿ ಹಾಸಿ. ಆಗ ಕಿವಿಗೂ ಜಿಗಿತ ತಿಳಿಯದು.