ಸೂಜಿ ಚುಚ್ಚಿದಲ್ಲೆಲ್ಲ ಸೋರುತ್ತಿದ್ದ ಕೋಟು

ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ನಿನಲ್ಲಿ ಮಳೆ ಹಿಡಿಯಿತೆಂದರೆ ಗಂಡಸಿನ ಪಾಡೇ ಬೇರೆ, ಹೆಂಗಸಿನ ಪಾಡೇ ಬೇರೆ. ಅವನಿಗೆ ಟೊಪ್ಪಿ, ಹೆಗಲು, ಬೂಟು ನೆನೆಯುತ್ತಿದ್ದವು, ಅಷ್ಟೆ. ಅವಳ ಮೈಮೇಲೆ ನೆಲ ಮುಟ್ಟುವ ಉಣ್ಣೆಯ ಲಂಗ, ಅದರಡಿ ಒಂದರ ಮೇಲೊಂದು ಒಳಲಂಗ. ಬೀದಿಯ ತುಂಬ ಕುದುರೆಗಾಡಿಗಳು, ಲದ್ದಿ, ಕಲ್ಲಿದ್ದಲ ಮಸಿ. ಲಂಗದ ಅಂಚು ಆ ಕೊಚ್ಚೆಯನ್ನೆಲ್ಲ ಹೀರಿಕೊಂಡು ಮೇಲಕ್ಕೆ ಏರಿಸುತ್ತಿತ್ತು. ನೆನೆದ ಉಣ್ಣೆಯ ಭಾರ ಪೂರ್ತಿ ಸೊಂಟದ ಮೇಲೆ. ಸೊಂಟವನ್ನೋ ಕಾರ್ಸೆಟ್ ಮೊದಲೇ ಬಿಗಿದು ಕಟ್ಟಿರುತ್ತಿತ್ತು. ಒಂದು ಕೈಯಲ್ಲಿ ಛತ್ರಿ, ಇನ್ನೊಂದು ಕೈಯಲ್ಲಿ ಎತ್ತಿ ಹಿಡಿದ ಲಂಗ. ಕೈಯಲ್ಲಿ ಬುಟ್ಟಿಯೋ ಮಗುವೋ ಇದ್ದರೆ ಮುಗಿಯಿತು.

ಮಳೆಯಂಗಿಯ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ರಬ್ಬರು, ಗಂಧಕ, ನಾಫ್ತಾಗಳ ಕಥೆ ಹೇಳಿ ನಿಲ್ಲಿಸುತ್ತಾರೆ. ಆದರೆ ನೀರು ಇಳಿಯದ ಬಟ್ಟೆ ಸಿಕ್ಕಿದ್ದು 1823ರಲ್ಲಿ; ಹೆಣ್ಣೊಬ್ಬಳು ಅದನ್ನು ತೊಟ್ಟು ಸಲೀಸಾಗಿ ನಡೆಯುವಂತಾಗಲು ಮತ್ತೆ ಮುಕ್ಕಾಲು ಶತಮಾನ ಬೇಕಾಯಿತು. ನಡುವಿನ ಕೆಲಸ ಬಹುಪಾಲು ನಡೆದದ್ದು ಪ್ರಯೋಗಾಲಯದಲ್ಲಲ್ಲ, ಕತ್ತರಿ ಹಿಡಿದವರ ಮೇಜಿನ ಮೇಲೆ.

ಮೊದಲು ಬಟ್ಟೆಯ ವಿಷಯ. ಸ್ಕಾಟ್ಲೆಂಡಿನ ಗ್ಲಾಸ್ಗೋದ ಚಾರ್ಲ್ಸ್ ಮ್ಯಾಕಿಂಟಾಷ್ ಬಣ್ಣದ ಉದ್ಯಮದ ಮನೆತನದವರು. ತಂದೆಯ ಕಾರ್ಖಾನೆಯಲ್ಲಿ ಕಲ್ಲುಹೂವಿನಿಂದ ಕೆನ್ನೇರಳೆ ಬಣ್ಣ ತೆಗೆಯುತ್ತಿದ್ದರು. ಅದಕ್ಕೆ ಬೇಕಾದ ಅಮೋನಿಯಾಕ್ಕಾಗಿ ಮಗ ಅನಿಲ ಕಾರ್ಖಾನೆಯ ತ್ಯಾಜ್ಯವನ್ನು ಕೊಳ್ಳುತ್ತಿದ್ದರು. ಅದರ ಜೊತೆಗೆ ಬರುತ್ತಿದ್ದ ಕಲ್ಲಿದ್ದಲ ಟಾರನ್ನು ಬಟ್ಟಿ ಇಳಿಸಿದರೆ ನಾಫ್ತಾ ಸಿಗುತ್ತಿತ್ತು. ಆ ನಾಫ್ತಾದಲ್ಲಿ ರಬ್ಬರು ಕರಗುತ್ತಿತ್ತು. ಕರಗಿದ ರಬ್ಬರನ್ನು ಒಂದು ಬಟ್ಟೆಗೆ ಬಳಿದು, ಅದರ ಮೇಲೆ ಇನ್ನೊಂದು ಬಟ್ಟೆ ಒತ್ತಿ, ಎರಡರ ನಡುವೆ ರಬ್ಬರಿನ ಪದರ ಕೂರುವಂತೆ ಮಾಡಿದ ವಿಧಾನಕ್ಕೆ ಅವರು 1823ರಲ್ಲಿ ಪೇಟೆಂಟ್ ಪಡೆದರು. ಮರುವರ್ಷವೇ ಮ್ಯಾಂಚೆಸ್ಟರಿನಲ್ಲಿ ಕಾರ್ಖಾನೆ ಎದ್ದಿತು.

ಬಟ್ಟೆಯಿಂದ ನೀರು ಇಳಿಯಲಿಲ್ಲ, ನಿಜ. ಆದರೆ ಕೋಟಾದ ಮೇಲೆ ಸೋರತೊಡಗಿತು. ಕಾರಣ ತೀರ ಸರಳ: ದರ್ಜಿಗಳು ಉಳಿದ ಬಟ್ಟೆಗಳಂತೆಯೇ ಇದನ್ನೂ ಹೊಲಿದರು. ಸೂಜಿ ಹೋದ ಪ್ರತಿಯೊಂದು ತೂತೂ ನೀರಿಗೆ ದಾರಿಯಾಯಿತು. ಹೆಗಲ ಮೇಲಿನ ಹೊಲಿಗೆ, ತೋಳು ಕೂಡಿಸಿದ ಹೊಲಿಗೆ, ಬೆನ್ನ ನಡುವಿನ ಹೊಲಿಗೆ, ಅಂದರೆ ಮಳೆ ನೇರವಾಗಿ ಬೀಳುವ ಜಾಗಗಳಲ್ಲೇ ತೂತುಗಳ ಸಾಲು. ಬಟ್ಟೆಗೆ ಕೆಟ್ಟ ಹೆಸರು ಬಂದು, ಕೊನೆಗೆ ಕಂಪನಿಯೇ ಉಡುಪುಗಳನ್ನು ತಯಾರಿಸಲು ಮುಂದಾಗಬೇಕಾಯಿತು. ಹೊಲಿಗೆಯ ಸಾಲಿನ ಮೇಲೆ ರಬ್ಬರಿನ ದ್ರಾವಣ ಬಳಿದು, ಪಟ್ಟಿ ಅಂಟಿಸಿ ಮುಚ್ಚುವ ಕೆಲಸ ಆಮೇಲಾಮೇಲೆ ಮ್ಯಾಂಚೆಸ್ಟರಿನಲ್ಲಿ ಪ್ರತ್ಯೇಕ ಕಸುಬೇ ಆಯಿತು. ದ್ರಾವಣ ಬಳಿಯುವವರು ಒಬ್ಬರು, ಜೋಡಿಸುವವರು ಇನ್ನೊಬ್ಬರು. ಶತಮಾನದ ಕೊನೆಯ ದಶಕಗಳಲ್ಲಿ ಪೂರ್ವ ಯುರೋಪಿನಿಂದ ವಲಸೆ ಬಂದ ಎಷ್ಟೋ ಯಹೂದಿ ಕುಟುಂಬಗಳು ಈ ಕೆಲಸದಿಂದಲೇ ಬದುಕಿದವು.

ರಬ್ಬರಿಗೆ ಬೇರೆ ದೋಷಗಳೂ ಇದ್ದವು. ಚಳಿಯಲ್ಲಿ ಹಲಗೆಯಾಗುತ್ತಿತ್ತು, ಬಿಸಿಲಿಗೆ ಅಂಟಂಟಾಗುತ್ತಿತ್ತು, ಉಣ್ಣೆಯಲ್ಲಿನ ಸಹಜ ಜಿಡ್ಡು ತಾಗಿ ಬೇಗ ಹಾಳಾಗುತ್ತಿತ್ತು. ಮಿಗಿಲಾಗಿ, ನಾರುತ್ತಿತ್ತು. ಅಂಥ ಕೋಟು ತೊಟ್ಟವರು ಪಕ್ಕದಲ್ಲಿ ಕೂತರೆ ಆಮ್ನಿಬಸ್ಸಿನ ಸಹಪ್ರಯಾಣಿಕರು ಮೂಗು ಮುಚ್ಚಿಕೊಂಡು ಗೊಣಗುತ್ತಿದ್ದರು. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಗಂಧಕದ ಜೊತೆ ರಬ್ಬರನ್ನು ಕಾಯಿಸಿ ಗಟ್ಟಿಗೊಳಿಸುವ ಗುಟ್ಟು ಕಂಡುಕೊಂಡರು. ಮ್ಯಾಕಿಂಟಾಷ್ ಕಂಪನಿಯ ಪಾಲುದಾರರಾಗಿದ್ದ ಥಾಮಸ್ ಹ್ಯಾನ್‌ಕಾಕ್ 1843ರಲ್ಲಿ ಅದಕ್ಕೆ ಇಂಗ್ಲೆಂಡಿನ ಪೇಟೆಂಟಿಗೆ ಅರ್ಜಿ ಹಾಕಿದರು. ಬಿಸಿ-ಚಳಿಯ ತೊಂದರೆ ಅಲ್ಲಿಗೆ ಬಹುಮಟ್ಟಿಗೆ ನೀಗಿತು.

ಆದರೆ ತೆಳುವಾದ, ಹಗುರವಾದ ಬಟ್ಟೆಗಳಿಗೆ ಇನ್ನೊಂದು ವಿಧಾನ ಬಂತು. 1846ರಲ್ಲಿ ಅಲೆಕ್ಸಾಂಡರ್ ಪಾರ್ಕ್ಸ್ ಪೇಟೆಂಟ್ ಮಾಡಿದ ಈ ಕ್ರಮದಲ್ಲಿ ಕಾಯಿಸುವ ಅಗತ್ಯವಿರಲಿಲ್ಲ. ಕಾರ್ಬನ್ ಡೈಸಲ್ಫೈಡ್ ಎಂಬ ದ್ರವದಲ್ಲಿ ಗಂಧಕದ ಸಂಯುಕ್ತವನ್ನು ಕಲಸಿ ಬಟ್ಟೆಯನ್ನು ಅದರಲ್ಲಿ ಹಾಯಿಸಿದರೆ ಸಾಕಾಗಿತ್ತು. ಆ ದ್ರವದ ಆವಿ ನರಗಳಿಗೆ ವಿಷ. ಪ್ಯಾರಿಸಿನ ವೈದ್ಯ ಒಗುಸ್ತ್ ದೆಲ್ಪೆಷ್ 1856ರಲ್ಲೇ ರಬ್ಬರು ಕೆಲಸಗಾರರಲ್ಲಿ ತಲೆನೋವು, ನಡುಕ, ಬುದ್ಧಿಭ್ರಮಣೆಗಳನ್ನು ಗುರುತಿಸಿದ್ದರು. ಬ್ರಿಟನ್ನಿನ ವೈದ್ಯ ಥಾಮಸ್ ಆಲಿವರ್ 1902ರ ತಮ್ಮ ಗ್ರಂಥದಲ್ಲಿ, ಈ ಆವಿಗೆ ಸಿಕ್ಕಿ ಮತಿಗೆಟ್ಟ ಕೆಲಸಗಾರರು ಕಾರ್ಖಾನೆಯ ಮೇಲ್ಮಹಡಿಯಿಂದ ಧುಮುಕಿದ್ದನ್ನು ದಾಖಲಿಸಿದ್ದಾರೆ. ಹಗುರವಾದ ಮಳೆಯಂಗಿಯನ್ನು ಹೊಗಳುವಾಗ ಈ ಲೆಕ್ಕವನ್ನೂ ಬರೆದಿಡಬೇಕು.

ಇನ್ನು ಆಕಾರದ ಪ್ರಶ್ನೆ. ಗಂಡಸಿನ ಕೋಟಿನ ರೂಪ ಆ ಕಾಲದಲ್ಲಿ ಅಂಥ ದೊಡ್ಡ ಬದಲಾವಣೆ ಕಾಣಲಿಲ್ಲ. ಹೆಣ್ಣಿನ ಉಡುಪಿನ ಹೊರರೇಖೆಯಾದರೋ ಹತ್ತು ಹದಿನೈದು ವರ್ಷಕ್ಕೊಮ್ಮೆ ಪೂರ್ತಿ ಬೇರೆಯಾಗುತ್ತಿತ್ತು. ಮಳೆಯಂಗಿ ಮಾಡುವವರು ಪ್ರತಿ ಸಲವೂ ಹೊಸದಾಗಿ ಯೋಚಿಸಬೇಕಿತ್ತು.

1856ರಲ್ಲಿ ಉಕ್ಕಿನ ಬಳೆಗಳ ಕ್ರಿನೊಲಿನ್ ಬಂತು. ಲಂಗದ ಬುಡದ ಸುತ್ತಳತೆ ಕೆಲವೊಮ್ಮೆ ಐದು ಗಜ ಮೀರಿತು. ಛತ್ರಿಯ ಉಕ್ಕಿನ ಕಡ್ಡಿಗೆ 1852ರಲ್ಲಿ ಪೇಟೆಂಟ್ ಪಡೆದ ಸ್ಯಾಮ್ಯುಯೆಲ್ ಫಾಕ್ಸ್ ಅವರ ಸ್ಟಾಕ್ಸ್‌ಬ್ರಿಜ್ ಕಾರ್ಖಾನೆಯೇ ಕ್ರಿನೊಲಿನ್ನಿಗೂ ತಂತಿ ಎಳೆಯುತ್ತಿತ್ತು. ಲಂಗವನ್ನು ಹಿಗ್ಗಿಸಿದ ತಂತಿಯೂ ಅದೇ ಊರಿನದು, ಅದನ್ನು ಕಾಯಬೇಕಾದ ಛತ್ರಿಯ ಕಡ್ಡಿಯೂ ಅದೇ ಊರಿನದು. ಛತ್ರಿಯೇನೋ ಲಂಗದಷ್ಟು ಅಗಲವಾಗಲಿಲ್ಲ. ಅಂಥ ಗೋಪುರದ ಮೇಲೆ ಕೋಟು ಹಾಕುವುದು ಆಗದ ಮಾತು. ಹಾಗಾಗಿ ಆ ಕಾಲದ ಹೆಣ್ಣಿನ ಮಳೆಯಂಗಿ ಎಂದರೆ ತೋಳಿಲ್ಲದ ದೊಡ್ಡ ಮೇಲುಹೊದಿಕೆ, ಕ್ಲೋಕ್.

ಇದರಲ್ಲಿ ಒಂದು ಜಾಣತನವಿತ್ತು. ವೃತ್ತಾಕಾರವಾಗಿ ಕತ್ತರಿಸಿದ ಹೊದಿಕೆಗೆ ಹೊಲಿಗೆಗಳು ಕಡಿಮೆ. ಹೊಲಿಗೆ ಕಡಿಮೆಯಾದಷ್ಟೂ ಸೋರುವುದು ಕಡಿಮೆ. ಕೈ ಹೊರಗೆ ಬರಲು ಮುಂಭಾಗದಲ್ಲಿ ಎರಡು ಸೀಳು, ಸೀಳಿನೊಳಗೆ ನೀರು ಹೋಗದಂತೆ ಮೇಲೊಂದು ಗಿಡ್ಡ ಕೇಪು. ತಲೆಗೆ ಕುಲಾವಿ. ಮೈಯಳತೆ ಬೇಕಿಲ್ಲದ್ದರಿಂದ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಹೆಂಗಸರ ಉಡುಪುಗಳಲ್ಲಿ ಇಂಥ ಮೇಲುಹೊದಿಕೆಗಳೇ ಮೊದಲ ಸಾಲಿನವಾದವು. ದರ್ಜಿಯ ಮನೆಗೆ ಹಲವು ಸಲ ಎಡತಾಕಲು ಬಿಡುವಿಲ್ಲದ, ದುಡ್ಡೂ ಇಲ್ಲದ ಹೆಂಗಸಿಗೆ ಅದು ದೊಡ್ಡ ಅನುಕೂಲ. ಕೊರತೆಯೂ ಅಲ್ಲೇ ಇತ್ತು: ಹೊದಿಕೆ ಲಂಗದ ಅಂಚಿನವರೆಗೆ ಇಳಿಯುತ್ತಿರಲಿಲ್ಲ, ಗಾಳಿ ಬೀಸಿದರೆ ಹಾರುತ್ತಿತ್ತು. ಕೆಸರಿನ ಸಮಸ್ಯೆ ಇದ್ದಲ್ಲೇ ಉಳಿಯಿತು. ಲಂಗ ಎತ್ತಿ ಕಟ್ಟಲು ಕ್ಲಿಪ್ಪು, ಕೊಕ್ಕೆ, ದಾರಗಳು ಮಾರಾಟಕ್ಕೆ ಬಂದವು.

1870ರ ದಶಕಕ್ಕೆ ಕ್ರಿನೊಲಿನ್ ಹೋಗಿ, ಲಂಗದ ಮುಂಭಾಗ ಚಪ್ಪಟೆಯಾಗಿ, ಉಬ್ಬೆಲ್ಲ ಹಿಂದಕ್ಕೆ ಸರಿದು ಬಸ್ಲ್ ಬಂತು. ಈಗ ಮಳೆಯಂಗಿಗೆ ಬೆನ್ನ ಕೆಳಗೆ ನಿರಿಗೆ ಬೇಕಾಯಿತು. ಡಾಲ್ಮನ್ ಎಂಬ ಮೇಲಂಗಿಯಲ್ಲಿ ತೋಳನ್ನು ಒಡಲಿನ ಬಟ್ಟೆಯಲ್ಲೇ ಸೇರಿಸಿ ಕತ್ತರಿಸುತ್ತಿದ್ದರು. ನೋಡಲು ಚೆಂದ; ಆದರೆ ತೊಟ್ಟವಳಿಗೆ ಮೊಣಕೈಯನ್ನು ಪಕ್ಕೆಯಿಂದ ದೂರ ಸರಿಸಲು ಆಗುತ್ತಿರಲಿಲ್ಲ, ಕೈ ಮೇಲೆತ್ತುವುದಂತೂ ದೂರದ ಮಾತು. ಛತ್ರಿ ಹಿಡಿಯುವ ಕೈಗೇ ಹೀಗೆ ಕಟ್ಟು ಹಾಕಿದ ಮೇಲಂಗಿ ಮಳೆಗೆ ತಕ್ಕದ್ದು ಹೇಗಾದೀತು?

ಅದರ ಎದುರು ಅಲ್ಸ್ಟರ್ ಬಂದದ್ದು ನಿಜವಾದ ಸುಧಾರಣೆ. ಐರ್ಲೆಂಡಿನ ಪ್ರಾಂತ್ಯದ ಹೆಸರು ಹೊತ್ತ ಈ ಉದ್ದನೆಯ ಒರಟು ಉಣ್ಣೆಯ ಕೋಟು ಮೊದಲು ಗಂಡಸರದು. 1870ರ ದಶಕದ ಕೊನೆಗೆ ಹೆಂಗಸರೂ ತೊಡತೊಡಗಿದರು. ಸರಿಯಾದ ತೋಳು, ಆಳವಾದ ಜೇಬು, ಕಾಲಿನವರೆಗೆ ಗುಂಡಿ, ಬೆನ್ನಿಗೆ ಅರ್ಧ ಬೆಲ್ಟು. ಇದನ್ನು ಹೊಲಿದವರು ಗಂಡಸರ ಬಟ್ಟೆಯಲ್ಲಿ ಪಳಗಿದ ದರ್ಜಿಗಳು. ವೈಟ್ ದ್ವೀಪದ ಕೌಸ್ ಎಂಬಲ್ಲಿ ಹಾಯಿದೋಣಿ ಪಂದ್ಯಗಳಿಗೆ ಬರುತ್ತಿದ್ದ ಸಿರಿವಂತ ಹೆಂಗಸರಿಗೆ ರೆಡ್‌ಫರ್ನ್ ಅಂಗಡಿ ಇಂಥ ಗಟ್ಟಿಮುಟ್ಟು ಉಡುಪುಗಳನ್ನು ಹೊಲಿದು ಹೆಸರು ಮಾಡಿತು. ಷರ್ಲಾಕ್ ಹೋಮ್ಸನ ಓದುಗರಿಗೆ ನೆನಪಿರಬಹುದು: 1891ರ ಕಥೆಯೊಂದರಲ್ಲಿ ಐರೀನ್ ಆಡ್ಲರ್ ಅಲ್ಸ್ಟರ್ ತೊಟ್ಟು ತರುಣನ ವೇಷದಲ್ಲಿ ಹೋಮ್ಸನ ಮನೆ ಬಾಗಿಲಲ್ಲೇ ಅವನಿಗೆ ಶುಭರಾತ್ರಿ ಹೇಳಿ ಹೋಗುತ್ತಾಳೆ, ಅವನಿಗೆ ಗುರುತೇ ಹತ್ತುವುದಿಲ್ಲ.

ಆಕಾರ ಸುಧಾರಿಸಿದರೂ ಬೆವರು ಉಳಿದಿತ್ತು. ಹೊರಗಿನ ನೀರನ್ನು ಬಿಡದ ರಬ್ಬರು ಒಳಗಿನ ಆವಿಯನ್ನೂ ಬಿಡದು. ಕಾರ್ಸೆಟ್ಟು, ಅದರ ಮೇಲೆ ಲೈನಿಂಗ್ ಕೊಟ್ಟ ಕುಪ್ಪಸ, ಅದರ ಮೇಲೆ ರಬ್ಬರು. ಮಳೆಯಲ್ಲಿ ಒಂದು ಮೈಲಿ ನಡೆದು ಬಂದರೆ ಹೊರಗಿನಿಂದ ನೆನೆಯದಿದ್ದರೂ ಒಳಗಿನಿಂದ ಒದ್ದೆ. ಕಂಕುಳಲ್ಲಿ, ಬೆನ್ನಿನ ಮಡಿಕೆಯಡಿ ಲೋಹದ ಸಣ್ಣ ಕಣ್ಣುಗಳನ್ನು ಕೂರಿಸಿ ಗಾಳಿಯಾಡಿಸಲು ನೋಡಿದರು. ಅದರಿಂದ ಅಷ್ಟಿಷ್ಟು ಪ್ರಯೋಜನ ಮಾತ್ರ. 1881ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ರ್‍ಯಾಷನಲ್ ಡ್ರೆಸ್ ಸೊಸೈಟಿ ಹೆಂಗಸರ ಒಳಉಡುಪಿನ ಭಾರವೇ ಏಳು ಪೌಂಡು ಮೀರಬಾರದೆಂದು ಒತ್ತಾಯಿಸಿತ್ತು. ಏಳು ಪೌಂಡೆಂದರೆ ಮೂರು ಕಿಲೋಗೂ ಹೆಚ್ಚು. ಅದು ಸುಧಾರಕರು ಬೇಡಿಕೊಂಡ ಕಡಿಮೆ ಭಾರ ಎಂಬುದನ್ನು ಮರೆಯಬಾರದು.

ಹಾಗಾಗಿ ಉಣ್ಣೆಗೇ ನೀರು ತಡೆಯುವ ಗುಣ ಕೊಡುವ ದಾರಿ ಹೆಚ್ಚು ಭರವಸೆಯದಾಗಿತ್ತು. ನಮ್ಮ ಮಲೆನಾಡಿನಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆಗಿಳಿದವರಿಗೆ ಗೊತ್ತಿರುವಂತೆ, ಒತ್ತಾಗಿ ನೇಯ್ದ ಉಣ್ಣೆ ತಾನಾಗಿಯೇ ಎಷ್ಟೋ ಹೊತ್ತು ಮಳೆಯನ್ನು ಜಾರಿಸುತ್ತದೆ. ಪಟಿಕದ ನೀರಿಗೆ ಸೀಸದ ಲವಣವೊಂದನ್ನು ಬೆರೆಸಿ, ತಳಕ್ಕೆ ಕೂತದ್ದನ್ನು ಬಿಟ್ಟು, ತಿಳಿಯಲ್ಲಿ ಬಟ್ಟೆಯನ್ನು ನೆನೆಸಿ ಒಣಗಿಸುವುದು ಆ ಕಾಲದ ಪ್ರಸಿದ್ಧ ವಿಧಾನ. ಎಳೆಗಳ ಮೇಲೆ ಅಲ್ಯುಮಿನಿಯಂ ಸಂಯುಕ್ತದ ತೆಳು ಲೇಪ ಕೂತು ಹನಿಗಳು ಜಾರುತ್ತಿದ್ದವು, ಎಳೆಗಳ ನಡುವೆ ಗಾಳಿ ಮಾತ್ರ ಆಡುತ್ತಿತ್ತು. 1851ರಲ್ಲಿ ಲಂಡನ್ನಿನ ರೀಜೆಂಟ್ ಸ್ಟ್ರೀಟಿನಲ್ಲಿ ಅಂಗಡಿ ತೆರೆದ ಜಾನ್ ಎಮರಿ ನೀರು ತಡೆಯುವ ಉಣ್ಣೆಗೆ 1853ರಲ್ಲಿ ಪೇಟೆಂಟ್ ಪಡೆದರು, ಅದೇ ಅಕ್ವಾಸ್ಕ್ಯೂಟಮ್. ಜಡಿಮಳೆಗೆ ಇಂಥ ಬಟ್ಟೆ ರಬ್ಬರಿನಷ್ಟು ಗಟ್ಟಿಯಲ್ಲ, ಆದರೆ ನಡೆಯುವವರಿಗೆ ಇದೇ ವಾಸಿ.

ಅದೇ ರೀಜೆಂಟ್ ಸ್ಟ್ರೀಟಿನಲ್ಲಿ ಜೇಸ್ ಎಂಬ ದೊಡ್ಡ ಮಳಿಗೆ 1841ರಿಂದ ಸೂತಕದ ಉಡುಪುಗಳನ್ನು ಮಾತ್ರ ಮಾರುತ್ತಿತ್ತು. ವಿಧವೆಯರು ತೊಡಬೇಕಿದ್ದ ಕಪ್ಪು ಕ್ರೇಪ್ ರೇಷ್ಮೆಗೆ ಮಳೆ ಎಂದರೆ ಶತ್ರು. ನಾಲ್ಕು ಹನಿ ಬಿದ್ದರೆ ಅದರ ಸುಕ್ಕುಗಳು ಸಡಿಲಗೊಂಡು ಕಲೆಗಟ್ಟುತ್ತಿತ್ತು, ಕಪ್ಪು ಬಣ್ಣ ಮುಖಕ್ಕೂ ಕತ್ತಿಗೂ ಇಳಿಯುತ್ತಿತ್ತು. ಸಾವು ಕಂಡ ಮನೆಯ ಹೆಣ್ಣುಮಗಳು ಬೀದಿಯಲ್ಲಿ ಕಪ್ಪು ನೀರು ಸುರಿಸಿಕೊಂಡು ನಡೆಯಬೇಕಾದ ಅವಮಾನ ಸಣ್ಣದಲ್ಲ. ಶತಮಾನದ ಕೊನೆಗೆ ಮಳೆಗೆ ಹಾಳಾಗದ ಕ್ರೇಪಿನ ಜಾಹೀರಾತುಗಳು ಬಂದವು.

ಹ್ಯಾಂಪ್‌ಶೈರಿನ ಬೇಸಿಂಗ್‌ಸ್ಟೋಕಿನಲ್ಲಿ 1856ರಲ್ಲಿ, 21ನೆಯ ವಯಸ್ಸಿಗೇ ಬಟ್ಟೆ ಅಂಗಡಿ ಇಟ್ಟಿದ್ದ ಥಾಮಸ್ ಬರ್ಬೆರಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅವರು 1879ರಲ್ಲಿ ರೂಪಿಸಿ 1888ರಲ್ಲಿ ಪೇಟೆಂಟ್ ಮಾಡಿದ ಗ್ಯಾಬರ್ಡಿನ್‌ನಲ್ಲಿ, ನೇಯುವ ಮೊದಲೇ ನೂಲಿಗೆ ನೀರು ತಡೆಯುವ ಲೇಪ ಕೊಟ್ಟು, ಓರೆಗೆರೆಗಳ ಟ್ವಿಲ್ ಆಗಿ ಬಿಗಿಯಾಗಿ ನೇಯ್ದು, ಆಮೇಲೆ ಬಟ್ಟೆಗೆ ಮತ್ತೊಮ್ಮೆ ಲೇಪ ಕೊಡುತ್ತಿದ್ದರು. ರಬ್ಬರಿಲ್ಲ, ನಾತವಿಲ್ಲ, ಭಾರವಿಲ್ಲ. ದರ್ಜಿ ಇದನ್ನು ಹೇಗೆ ಬೇಕಾದರೂ ಕತ್ತರಿಸಬಹುದಿತ್ತು.

ಫ್ಯಾಷನ್ ಮಾತ್ರ ಇನ್ನೊಮ್ಮೆ ಅಡ್ಡ ಬಂತು. 1895ರ ಹೊತ್ತಿಗೆ ಹೆಂಗಸರ ತೋಳುಗಳು ಹೆಗಲಲ್ಲಿ ಬಲೂನಿನಂತೆ ಉಬ್ಬಿದವು; ಯಾವ ಕೋಟಿನ ತೋಳಿಗೂ ಅವು ಹಿಡಿಸದಾಗಿ ಮತ್ತೆ ಕೇಪುಗಳ ಕಾಲ ಬಂತು. ಅದೇ ವರ್ಷಗಳಲ್ಲಿ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ಸೈಕಲ್ ಹತ್ತಿದರು. ಸೈಕಲ್ ಮೇಲೆ ಛತ್ರಿ ಹಿಡಿಯಲಾಗದು, ಉದ್ದ ಲಂಗ ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಇಲ್ಲಿಯವರೆಗೆ ಅಂಗಡಿಯವರು ಕೊಟ್ಟದ್ದನ್ನು ತೊಡುತ್ತಿದ್ದವರು ಈಗ ತಾವೇ ಪೇಟೆಂಟ್ ಕಚೇರಿಗೆ ಹೋದರು. ಅದಕ್ಕೆ ಕಾನೂನಿನ ಬೆಂಬಲವೂ ಸಿಕ್ಕಿತ್ತು: 1882ರ ಕಾಯ್ದೆಯಿಂದ ಮದುವೆಯಾದ ಹೆಣ್ಣಿಗೆ ತನ್ನ ಹೆಸರಿನಲ್ಲಿ ಆಸ್ತಿ ಇಟ್ಟುಕೊಳ್ಳುವ ಹಕ್ಕು ಬಂದಿತ್ತು, 1883ರ ಕಾಯ್ದೆ ಪೇಟೆಂಟಿನ ಆರಂಭದ ಶುಲ್ಕವನ್ನು 25 ಪೌಂಡಿನಿಂದ 4 ಪೌಂಡಿಗೆ ಇಳಿಸಿತ್ತು.

ಲಂಡನ್ನಿನ ಬ್ರಿಕ್ಸ್‌ಟನ್ನಿನ ಉಡುಪು ಹೊಲಿಯುವಾಕೆ ಆಲಿಸ್ ಬೈಗ್ರೇವ್ 1895ರಲ್ಲಿ ಲಂಗದ ಹೊಲಿಗೆಯೊಳಗೆ ದಾರ ಮತ್ತು ರಾಟೆಗಳನ್ನು ಅಡಗಿಸಿ, ಎಳೆದೊಡನೆ ಅಂಚು ಮೇಲೇರುವ ಉಪಾಯಕ್ಕೆ ಪೇಟೆಂಟ್ ಪಡೆದರು. ಅದನ್ನು ಯೇಗರ್ ಕಂಪನಿ ತಯಾರಿಸಿ ಮಾರಿತು. ಯಾರ್ಕ್‌ಶೈರಿನ ಮೇರಿ ಮತ್ತು ಸಾರಾ ಪೀಸ್ ಎಂಬ ಅಕ್ಕತಂಗಿಯರು 1896ರಲ್ಲಿ ಪೇಟೆಂಟ್ ಮಾಡಿಸಿದ ಲಂಗ ಪೂರ್ತಿ ಕಳಚಿ ಬರುತ್ತಿತ್ತು. ಸೊಂಟದ ಪಟ್ಟಿಯನ್ನು ಮೇಲಕ್ಕೆ ತಂದು ಕೊರಳಿಗೆ ಕಟ್ಟಿಕೊಂಡರೆ ಅದೇ ಲಂಗ ಹೆಗಲು ಮುಚ್ಚುವ ಕೇಪಾಗುತ್ತಿತ್ತು, ಸೈಕಲ್ ತುಳಿಯುವ ಕಾಲಿಗೆ ಅಡ್ಡಿಯಾಗಬಲ್ಲ ಬಟ್ಟೆಯೇ ಉಳಿಯುತ್ತಿರಲಿಲ್ಲ. ಈ ಮೂವರೂ ಹೊಸ ರಾಸಾಯನಿಕವೊಂದನ್ನೂ ಕಂಡುಹಿಡಿದವರಲ್ಲ. ಬಟ್ಟೆ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದನ್ನು ಅದನ್ನು ಹೊತ್ತು ತಿರುಗಿದ ಮೈಯಿಂದಲೇ ಬಲ್ಲವರಾಗಿದ್ದರು. 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಗ್ಯಾಬರ್ಡಿನ್ನಿನ ಹೆಂಗಸರ ಕೋಟುಗಳು ಗಾಲ್ಫ್, ಮೋಟಾರು, ನಡಿಗೆ ಎಂದು ಬೇರೆಬೇರೆ ಮಾದರಿಗಳಲ್ಲಿ ಬರ್ಬೆರಿ ಅಂಗಡಿಯ ಕ್ಯಾಟಲಾಗು ಸೇರಿದವು.