ಪಾದಯಾತ್ರೆಗೆ ಯಾವ ಶೂ? ಮೊದಲು ತೂಕ ನೋಡಿ

ಶಿವರಾತ್ರಿ ಹತ್ರ ಬಂತು ಅಂದ್ರೆ ನಮ್ಮ ಹಾಸ್ಟೆಲ್‌ನಲ್ಲೂ ಧರ್ಮಸ್ಥಳ ಪಾದಯಾತ್ರೆಯ ಮಾತು ಶುರುವಾಗುತ್ತೆ. ಕಳೆದ ವರ್ಷ ದೊಡ್ಡಪ್ಪನ ಜೊತೆ ನಾನೂ ಹಾಸನದಿಂದ ಹೊರಟಿದ್ದೆ. ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಘಾಟಿ, ಉಜಿರೆ ದಾಟಿ ಧರ್ಮಸ್ಥಳ, 130 ಕಿ.ಮೀ.ಗೂ ಹೆಚ್ಚು ದಾರಿ. ನನ್ನ ಕಾಲಲ್ಲಿ ಹೊಚ್ಚ ಹೊಸ ಟ್ರೆಕ್ಕಿಂಗ್ ಬೂಟು, ದೊಡ್ಡಪ್ಪನ ಕಾಲಲ್ಲಿ ಹಳೇ ಪಟ್ಟಿ ಸ್ಯಾಂಡಲ್. ಕೊಟ್ಟಿಗೆಹಾರ ತಲುಪೋ ಹೊತ್ತಿಗೆ ಎರಡೂ ಹಿಮ್ಮಡಿಯ ಬೊಬ್ಬೆ ಒಡೆದು ನಾನು ಬಸ್ ಹತ್ತಿದೆ. ದೊಡ್ಡಪ್ಪ ನಡೆದೇ ಘಾಟಿ ಇಳಿದರು.

ಎಲ್ಲಿ ತಪ್ಪಿದೆ ಅಂತ ಆಮೇಲೆ ಕೂತು ಲೆಕ್ಕ ಹಾಕಿದೆ.

ಒಂದು ಹೆಜ್ಜೆ 70 ಸೆಂ.ಮೀ. ಅಂದುಕೊಳ್ಳಿ. ದಿನಕ್ಕೆ 35 ಕಿ.ಮೀ. ಅಂದ್ರೆ 50,000 ಹೆಜ್ಜೆ. ಒಂದೊಂದು ಶೂ 300 ಗ್ರಾಂ ಹೆಚ್ಚು ತೂಗಿದರೂ ದಿನದಲ್ಲಿ ಎತ್ತಿ ಇಳಿಸುವ ಹೆಚ್ಚುವರಿ ಭಾರ ಒಟ್ಟು 15 ಟನ್! ಬೆನ್ನಿನ ಬ್ಯಾಗು ಹೆಚ್ಚುಕಮ್ಮಿ ಒಂದೇ ವೇಗದಲ್ಲಿ ಸಾಗುತ್ತೆ. ಪಾದ ಹಾಗಲ್ಲ, ಪ್ರತಿ ಹೆಜ್ಜೆಗೂ ನಿಂತು ಮತ್ತೆ ವೇಗ ಪಡೀಬೇಕು. ಕಾಲು ಸೊಂಟದಿಂದ ತೂಗುವ ಲೋಲಕ ಇದ್ದ ಹಾಗೆ. ಅದರ ತುದಿಗೇ ಭಾರ ಕಟ್ಟಿದರೆ ಮೊಮೆಂಟ್ ಆಫ್ ಇನರ್ಷಿಯಾ ಎಷ್ಟು ಏರುತ್ತೆ ಅಂತ ನಿಮಗೆ ಹೇಳಬೇಕಿಲ್ಲ. ಪಾದದ ಮೇಲಿನ 1 ಕೆ.ಜಿ., ಬೆನ್ನಿನ ಮೇಲಿನ ಸುಮಾರು 5 ಕೆ.ಜಿ.ಗೆ ಸಮ ಅನ್ನೋದು ಇದಕ್ಕೇ.

ಹಾಗಂತ ತೆಳ್ಳಗಿನ ಚಪ್ಪಲಿ ಸಾಕು ಅಂತಲ್ಲ. ಟಾರ್ ರಸ್ತೆ ಮಣ್ಣಿನ ಹಾಗೆ ಒತ್ತಿಗೆ ಬಗ್ಗಲ್ಲ, ಪೆಟ್ಟನ್ನೆಲ್ಲ ಸೋಲೇ ತಡೀಬೇಕು. ದಪ್ಪ ಫೋಮ್ ಸೋಲಿನ, ಮೇಲೆ ಜಾಲರಿ ಬಟ್ಟೆಯ ಓಟದ ಶೂ ಒಳ್ಳೇದು. ವಾಟರ್‌ಪ್ರೂಫ್ ಬೇಡ, ಆ ಬಿಸಿಲಲ್ಲಿ ಬೆವರು ಹೊರಗೆ ಹೋಗದೆ ಚರ್ಮ ನೆನೆಯುತ್ತೆ, ನೆನೆದ ಚರ್ಮಕ್ಕೆ ಉಜ್ಜಾಟ ಜಾಸ್ತಿ, ಬೊಬ್ಬೆ ಬೇಗ. ಕಾಟನ್ ಸಾಕ್ಸ್ ಕೂಡ ಬೆವರು ಹಿಡಿದಿಡುತ್ತೆ. ಬೇಗ ಒಣಗುವ ಸಾಕ್ಸ್ ಎರಡು ಮೂರು ಜೊತೆ ಇರಲಿ. ಸ್ಯಾಂಡಲ್ ಆದ್ರೆ ಹಿಂಬದಿ ಪಟ್ಟಿ ಇರಲೇಬೇಕು; ಹವಾಯಿ ಚಪ್ಪಲಿಯನ್ನು ಬೆರಳಲ್ಲಿ ಹಿಡ್ಕೊಂಡೇ ಪಾದ ಸೋಲುತ್ತೆ.

ಅಳತೆ ನೋಡೋದು ಸಂಜೆ. ನಡೆದಂತೆ ಪಾದ ಊದುತ್ತೆ, ಆದ್ದರಿಂದ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಬಿಡಿ. ಇಲ್ಲಾಂದ್ರೆ ಘಾಟಿ ಇಳಿಯುವಾಗ ಬೆರಳು ಮುಂದಕ್ಕೆ ಗುದ್ದಿ ಉಗುರು ಕಪ್ಪಾಗುತ್ತೆ. ಹೊಸ ಶೂನಲ್ಲಿ ಮೊದಲೇ ಕೆಲವು ವಾರ ನಡೆದು ಪಳಗಿಸಿ. ದಾರಿಯಲ್ಲಿ ಎಲ್ಲಾದರೂ ಉರಿ ಅನ್ನಿಸಿದ ತಕ್ಷಣ ನಿಂತು ಟೇಪ್ ಹಾಕಿ, "ಮುಂದಿನ ಊರಲ್ಲಿ ನೋಡೋಣ" ಅನ್ನಬೇಡಿ. ನಾನು ಅಂದದ್ದು ಅದನ್ನೇ.

ಹರಕೆ ಹೊತ್ತು ಬರಿಗಾಲಲ್ಲಿ ನಡೆಯುವವರೂ ಇದ್ದಾರೆ. ಅವರು ಟಾರ್ ಕಾಯುವ ಮುಂಚೆ, ಬೆಳಗಿನ ಜಾವ ನಡೆಯೋದು ವಾಸಿ. ಜೊತೆಗೆ ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ ದಿನಾ ರಾತ್ರಿ ಅವರ ಪಾದ ನೀವೇ ನೋಡಿ; ಗಾಯವಾದರೂ ಅವರಿಗೆ ನೋವು ಗೊತ್ತಾಗದೇ ಇರಬಹುದು.

ಈ ಸಲ ಹಗುರ ಶೂ ತಗೊಂಡು ಆಗಲೇ ಕ್ಯಾಂಪಸ್ ಸುತ್ತ ನಡೀತಿದ್ದೀನಿ. ಕೊಟ್ಟಿಗೆಹಾರದಲ್ಲಿ ನಿಲ್ಲೋದು ನೀರ್‌ದೋಸೆಗೆ ಮಾತ್ರ, ಬಸ್ಸಿಗಲ್ಲ.